ಹೊರಟ ಆಜ್ಞೆ, ಬಾರದ ಉಸಿರು: ಕೋಪನ್‌ಹೇಗನ್ನಿನ ಒಂದು ಪೋಲಿಯೊ ಪ್ರಕರಣ

ರೋಗಿ

1952ರ ಆಗಸ್ಟ್ 27. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಮೀಸಲಾಗಿದ್ದ ಬ್ಲೆಗ್ದಾಮ್ ಆಸ್ಪತ್ರೆ. ರೋಗಿ ಹನ್ನೆರಡು ವರ್ಷದ ಹುಡುಗಿ, ಕಾಯಿಲೆ ಪೋಲಿಯೊ. ಅವಳ ಹೆಸರು ವೈದ್ಯಕೀಯ ಇತಿಹಾಸದ ದಾಖಲೆಗಳಲ್ಲಿದೆ, ಇಲ್ಲಿ ಅದರ ಅಗತ್ಯವಿಲ್ಲ. ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದ್ದವು. ಎಡ ಶ್ವಾಸಕೋಶ ಕುಸಿದಿತ್ತು. ಬಾಯಿಯಲ್ಲಿ ಊರುವ ಜೊಲ್ಲನ್ನು ನುಂಗಲು ಆಗುತ್ತಿರಲಿಲ್ಲ, ಗಂಟಲಲ್ಲಿ ಸೇರಿದ ಕಫವನ್ನು ಕೆಮ್ಮಿ ಹೊರಹಾಕಲೂ ಆಗುತ್ತಿರಲಿಲ್ಲ. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಚರ್ಮ ನೀಲಿಗಟ್ಟಿತ್ತು, ಮೈ ಬೆವರಿನಲ್ಲಿ ತೊಯ್ದಿತ್ತು.

ಆ ವರ್ಷದ ಜುಲೈ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಆ ಒಂದೇ ಆಸ್ಪತ್ರೆಗೆ 2,700ಕ್ಕೂ ಹೆಚ್ಚು ಪೋಲಿಯೊ ರೋಗಿಗಳು ಬಂದರು. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಉಸಿರಾಟವೋ ನುಂಗುವ ಶಕ್ತಿಯೋ ಕೈಕೊಟ್ಟಿತ್ತು. ಆಸ್ಪತ್ರೆಯಲ್ಲಿದ್ದದ್ದು ಒಂದು ‘ಕಬ್ಬಿಣದ ಶ್ವಾಸಕೋಶ’ ಮತ್ತು ಎದೆಗೆ ತೊಡಿಸುವ ಆರು ಕವಚ ಯಂತ್ರಗಳು. ಎರಡೂ ಎದೆಯ ಹೊರಗಿನ ಗಾಳಿಯ ಒತ್ತಡವನ್ನು ತಗ್ಗಿಸಿ, ಎದೆ ಹಿಗ್ಗುವಂತೆ ಮಾಡಿ, ಗಾಳಿಯನ್ನು ಒಳಗೆ ಎಳೆಸುತ್ತಿದ್ದವು. ಮೊದಲ ಮೂರು ವಾರಗಳಲ್ಲಿ ಈ ಯಂತ್ರಗಳ ಆಸರೆ ಪಡೆದ 31 ಮಂದಿಯಲ್ಲಿ 27 ಮಂದಿ ಸತ್ತರು. ಹುಡುಗಿಯ ಹಾಸಿಗೆಯ ಬಳಿ ನಿಂತಿದ್ದ ವೈದ್ಯರಿಗೆ ಮುಂದಾಗುವುದೇನೆಂದು ಊಹಿಸುವುದು ಕಷ್ಟವಿರಲಿಲ್ಲ.

ತೀವ್ರ ನಿಗಾ ಘಟಕಗಳ ಹುಟ್ಟನ್ನು ವಿವರಿಸುವವರು ಈ ಪ್ರಕರಣವನ್ನು ತಪ್ಪದೆ ನೆನೆಯುತ್ತಾರೆ. ನಾನು ಇದನ್ನು ಇನ್ನೊಂದು ಕಾರಣಕ್ಕೆ ಎತ್ತಿಕೊಂಡಿದ್ದೇನೆ. ನರಮಂಡಲ ಹೇಗೆ ಹಂಚಿಕೊಂಡು ಕೆಲಸ ಮಾಡುತ್ತದೆ ಎಂಬುದನ್ನು ಇಷ್ಟು ಬಿಡಿಬಿಡಿಯಾಗಿ ತೋರಿಸಿದ ರೋಗಿ ಮತ್ತೊಬ್ಬರು ಸಿಗುವುದು ಅಪರೂಪ. ಪಠ್ಯಪುಸ್ತಕಗಳು ಮಿದುಳಿನಿಂದ ಆರಂಭಿಸಿ ಕೆಳಗಿಳಿಯುತ್ತವೆ: ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮಿದುಳಕಾಂಡ, ಬೆನ್ನುಹುರಿ, ಕೊನೆಗೆ ನರಗಳು. ಓದಿದವರ ಮನಸ್ಸಿನಲ್ಲಿ ಉಳಿಯುವುದು ಮೇಲೊಬ್ಬ ಅರಸ, ಕೆಳಗೆ ಆಳುಗಳು ಎಂಬ ಚಿತ್ರ. ಆ ಚಿತ್ರವನ್ನು ನಂಬಿದರೆ ಈ ಹುಡುಗಿಯ ಸ್ಥಿತಿ ಅರ್ಥವಾಗುವುದಿಲ್ಲ. ಅಲ್ಲಿನ ಅನುಭವಿ ವೈದ್ಯರಿಗೂ ಮೊದಲು ಅರ್ಥವಾಗಿರಲಿಲ್ಲ.

ವೈರಸ್ ಮುರಿದ ಕೊಂಡಿ

ಪೋಲಿಯೊ ವೈರಸ್ ಬಾಯಿಯ ಮೂಲಕ ದೇಹ ಸೇರಿ ಕರುಳಿನಲ್ಲಿ ಬೆಳೆಯುತ್ತದೆ. ಸೋಂಕು ತಗುಲಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಇಲ್ಲವೇ ಸಣ್ಣ ಜ್ವರ ಬಂದು ಹೋಗುತ್ತದೆ. ಸುಮಾರು ಇನ್ನೂರರಲ್ಲಿ ಒಬ್ಬರಲ್ಲಿ ಮಾತ್ರ ಅದು ನರಮಂಡಲವನ್ನು ಹೊಕ್ಕು ಅಂಗಗಳ ಶಕ್ತಿಯನ್ನು ಕಸಿಯುತ್ತದೆ. ಹೊಕ್ಕ ಮೇಲೂ ಅದು ಸಿಕ್ಕಸಿಕ್ಕ ಕೋಶಗಳನ್ನೆಲ್ಲ ಕೆಡಿಸುವುದಿಲ್ಲ. ಮನುಷ್ಯನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಅದರ ಮುಖ್ಯ ಗುರಿ ಒಂದು ಸಣ್ಣ ವರ್ಗ: ಬೆನ್ನುಹುರಿಯ ಮುಂಭಾಗದಲ್ಲಿ ಮತ್ತು ಮಿದುಳಕಾಂಡದಲ್ಲಿ ಇರುವ ಚಾಲಕ ನರಕೋಶಗಳು.

ಬೆನ್ನುಹುರಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ನಡುವೆ ಚಿಟ್ಟೆಯಾಕಾರದ ಬೂದು ಭಾಗ ಕಾಣುತ್ತದೆ. ಅಲ್ಲಿ ನರಕೋಶಗಳ ಒಡಲುಗಳಿವೆ. ಅದರ ಸುತ್ತಲಿನ ಬಿಳಿ ಭಾಗದಲ್ಲಿ ಮೇಲಕ್ಕೂ ಕೆಳಕ್ಕೂ ಓಡುವ ತಂತುಗಳಿವೆ. ಬೂದು ಭಾಗದ ಮುಂದಿನ ಕೊಂಬಿನಲ್ಲಿರುವ ದೊಡ್ಡ ಕೋಶಗಳೇ ಚಾಲಕ ನರಕೋಶಗಳು. ಒಂದೊಂದು ಕೋಶವೂ ಒಂದು ಉದ್ದನೆಯ ತಂತುವನ್ನು ಹೊರಗೆ ಚಾಚಿ, ತನ್ನ ಪಾಲಿನ ಸ್ನಾಯು ಎಳೆಗಳನ್ನು ಮುಟ್ಟುತ್ತದೆ. ಪಾದದ ಸ್ನಾಯುಗಳಿಗೆ ಹೋಗುವ ತಂತು ವಯಸ್ಕರಲ್ಲಿ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಬರೆಯುವ ಇಚ್ಛೆ, ಓಡುವ ಲಯ, ಬಿಸಿ ತಗುಲಿದಾಗ ಕೈ ಎಳೆದುಕೊಳ್ಳುವ ಪರಾವರ್ತಿತ ಪ್ರತಿಕ್ರಿಯೆ, ಬೀಳದಂತೆ ಮೈಯನ್ನು ಸಂಭಾಳಿಸುವ ತಿದ್ದುಪಡಿ, ಇವು ಹುಟ್ಟುವ ಜಾಗಗಳು ಬೇರೆಬೇರೆ. ಆದರೆ ಸ್ನಾಯುವನ್ನು ತಲುಪಲು ಎಲ್ಲಕ್ಕೂ ಇರುವುದು ಈ ಒಂದೇ ಬಾಗಿಲು. ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ‘ಎಲ್ಲರಿಗೂ ಸಮಾನವಾದ ಕೊನೆಯ ಹಾದಿ’ ಎಂಬರ್ಥದಲ್ಲಿ ವಿವರಿಸಿದ್ದರು. ಅವರು ತೀರಿಕೊಂಡದ್ದು 1952ರ ಮಾರ್ಚ್‌ನಲ್ಲಿ, ಕೋಪನ್‌ಹೇಗನ್ನಿನ ಈ ಪಿಡುಗಿಗೆ ಕೆಲವೇ ತಿಂಗಳ ಮುಂಚೆ. ಅವರ ಮಾತಿಗೆ ಇದಕ್ಕಿಂತ ಕ್ರೂರವಾದ ಪುರಾವೆ ಬೇಕಿರಲಿಲ್ಲ.

ಆಜ್ಞೆ ಎಂಬ ಪದ ಬಳಸಿದೆನಾದರೂ ತಂತುವಿನಲ್ಲಿ ಹರಿಯುವುದು ಒಂದು ವಿದ್ಯುತ್ ಬದಲಾವಣೆ. ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಪೊರೆಯಲ್ಲಿನ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಈ ವ್ಯತ್ಯಾಸ ಕ್ಷಣಮಾತ್ರ ತಿರುವುಮುರುವಾಗುತ್ತದೆ. ಪೊಟ್ಯಾಸಿಯಂ ಹೊರಹರಿದು ಮತ್ತೆ ಮೊದಲಿನಂತಾಗುತ್ತದೆ. ಈ ಅಲೆ ತಂತುವಿನ ಉದ್ದಕ್ಕೂ ಸಾಗುತ್ತದೆ. ಕೊಬ್ಬಿನ ಅಂಶವಿರುವ ಮಯಲಿನ್ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ ನೂರು ಮೀಟರನ್ನೂ ಮೀರಬಹುದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಒಂದೆರಡು ಮೀಟರ್‌ಗಿಂತ ಹೆಚ್ಚಿಲ್ಲ. ತುದಿ ಮುಟ್ಟಿದಾಗ ಅದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡಿಸುತ್ತದೆ, ಸ್ನಾಯು ಅದಕ್ಕೆ ಓಗೊಟ್ಟು ಬಿಗಿಯುತ್ತದೆ. ಈ ವಿದ್ಯುತ್ ಅಲೆಯನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದಿಟ್ಟ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅವರ ಪ್ರಬಂಧಗಳು ಪ್ರಕಟವಾದದ್ದೂ 1952ರಲ್ಲೇ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ತಂತುವಿನ ಮೇಲೆ ನಡೆದ ಆ ಕೆಲಸಕ್ಕೆ 1963ರಲ್ಲಿ ನೊಬೆಲ್ ಬಂತು. ನರಕೋಶ ಹೇಗೆ ಮಾತಾಡುತ್ತದೆ ಎಂಬುದು ಒಂದೆಡೆ ಬಯಲಾಗುತ್ತಿದ್ದ ವರ್ಷದಲ್ಲೇ ಇನ್ನೊಂದೆಡೆ ಮಕ್ಕಳ ನರಕೋಶಗಳು ಮಾತು ನಿಲ್ಲಿಸುತ್ತಿದ್ದವು.

ಹುಡುಗಿಯ ಮಿದುಳು ಕಾಲಿಗೆ ಆಜ್ಞೆ ಕಳಿಸುತ್ತಿತ್ತು, ಅದು ಬೆನ್ನುಹುರಿಯನ್ನು ತಲುಪುತ್ತಿತ್ತು. ಅಲ್ಲಿಂದ ಮುಂದಕ್ಕೆ ಒಯ್ಯುವ ಕೋಶ ಸತ್ತಿತ್ತು, ಇಲ್ಲವೇ ಊದಿಕೊಂಡು ಸ್ತಬ್ಧವಾಗಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿ ಕೈಕಾಲು ಬಿದ್ದವರಲ್ಲಿ ಕಾಲಕ್ರಮೇಣ ಸ್ನಾಯುಗಳು ಬಿಗಿಯುತ್ತವೆ, ಮಂಡಿಯ ಕೆಳಗೆ ತಟ್ಟಿದರೆ ಕಾಲು ಮಾಮೂಲಿಗಿಂತ ಜೋರಾಗಿ ಚಿಮ್ಮುತ್ತದೆ. ಕೊನೆಯ ಹಾದಿ ಸರಿಯಿದ್ದು ಅದರ ಮೇಲಿನ ಹಿಡಿತ ತಪ್ಪಿರುವುದೇ ಅದಕ್ಕೆ ಕಾರಣ. ಪೋಲಿಯೊದಲ್ಲಿ ಸ್ನಾಯು ಸಡಿಲಾಗಿ ಜೋತುಬೀಳುತ್ತದೆ, ಮಂಡಿ ತಟ್ಟಿದರೂ ಕಾಲು ಅಲುಗದು, ವಾರಗಳು ಕಳೆದಂತೆ ಸ್ನಾಯು ಸೊರಗುತ್ತದೆ. ಸಣ್ಣದೊಂದು ಸುತ್ತಿಗೆ ಹಿಡಿದ ವೈದ್ಯ, ಸರಪಳಿ ಎಲ್ಲಿ ತುಂಡಾಗಿದೆ ಎಂಬುದನ್ನು ಹೀಗೆ ಹೊರಗಿನಿಂದಲೇ ಗುರುತಿಸಬಲ್ಲ.

ಉಳಿದುಕೊಂಡ ಸಂವೇದನೆ

ಕೈಕಾಲು ಆಡದ ಹುಡುಗಿಗೆ ಸ್ಪರ್ಶ ತಿಳಿಯುತ್ತಿತ್ತು, ನೋವು ತಿಳಿಯುತ್ತಿತ್ತು. ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳಲ್ಲಿ ಪ್ರತಿಯೊಂದಕ್ಕೂ ಎರಡು ಬೇರುಗಳು. ಮುಂದಿನ ಬೇರು ಆಜ್ಞೆಗಳನ್ನು ಹೊರಗೆ ಒಯ್ಯುತ್ತದೆ, ಹಿಂದಿನ ಬೇರು ಸುದ್ದಿಗಳನ್ನು ಒಳಗೆ ತರುತ್ತದೆ. ಫ್ರಾನ್ಸಿನ ಫ್ರಾಂಸ್ವಾ ಮಾಜಾಂಡಿ 1822ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇದನ್ನು ಸ್ಪಷ್ಟವಾಗಿ ತೋರಿಸಿದ್ದರು. ಸುದ್ದಿ ತರುವ ಕೋಶಗಳ ಒಡಲುಗಳಿರುವುದು ಬೆನ್ನುಹುರಿಯ ಹೊರಗೆ, ಹಿಂದಿನ ಬೇರಿನ ಪುಟ್ಟ ಗಂಟುಗಳಲ್ಲಿ. ವೈರಸ್ಸಿನ ಹೊಡೆತದಿಂದ ಅವು ಬಹುಮಟ್ಟಿಗೆ ಪಾರಾಗುತ್ತವೆ.

ಇದು ಪುಸ್ತಕದ ವಿವರವಾಗಿ ಉಳಿಯಲಿಲ್ಲ. ಅಂದು ಶ್ವಾಸನಾಳಕ್ಕೆ ನೇರವಾಗಿ ಗಾಳಿ ಕೊಡಲೆಂದು ಹುಡುಗಿಯ ಕತ್ತಿನಲ್ಲಿ ರಂಧ್ರ ಕೊರೆಯುವಾಗ ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡಲೇಬೇಕಾಯಿತು. ಮೈ ಅಲುಗಿಸಲಾಗದವಳಿಗೆ ಕತ್ತಿಯ ಅಲಗು ಪೂರ್ತಿ ತಿಳಿಯುತ್ತದೆ. ಪೋಲಿಯೊ ರೋಗಿಗಳನ್ನು ನೋಡಿಕೊಂಡವರು ಇದನ್ನು ಮರೆತರೆ ಆಗುವ ಹಿಂಸೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಉಸಿರಿಗೆ ತನ್ನದೇ ಲಯವಿಲ್ಲ

ಹೃದಯ ಬಡಿಯುತ್ತಲೇ ಇತ್ತು. ಅದಕ್ಕೆ ನರಗಳ ಅಪ್ಪಣೆ ಬೇಕಿಲ್ಲ; ಬಲ ಹೃತ್ಕರ್ಣದಲ್ಲಿರುವ ಕೋಶಗಳ ಗುಂಪೊಂದು ತಾನೇ ಲಯ ಹುಟ್ಟಿಸುತ್ತದೆ. ನರಗಳು ಆ ಲಯವನ್ನು ಏರಿಸಬಹುದು, ಇಳಿಸಬಹುದು, ಅಷ್ಟೆ. ಎದೆಯಿಂದ ಹೊರತೆಗೆದ ಹೃದಯವೂ ಸರಿಯಾದ ದ್ರವದಲ್ಲಿ ಕೆಲಕಾಲ ಬಡಿಯುತ್ತದೆ.

ಉಸಿರಾಟ ಹಾಗಲ್ಲ. ನಿದ್ದೆಯಲ್ಲೂ ತಾನಾಗಿಯೇ ನಡೆಯುವುದರಿಂದ ಅದನ್ನು ಹೃದಯ, ಜಠರ, ಕರುಳುಗಳ ಸಾಲಿಗೆ ಸೇರಿಸಿಬಿಡುತ್ತೇವೆ. ಆದರೆ ಉಸಿರೆಳೆಯುವ ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಕೈಕಾಲಿನ ಸ್ನಾಯುಗಳ ಜಾತಿಯವೇ. ಅವಕ್ಕೆ ಸ್ವಂತ ಲಯವಿಲ್ಲ. ಪ್ರತಿ ಉಸಿರಿಗೂ ಬೆನ್ನುಹುರಿಯ ಚಾಲಕ ಕೋಶಗಳಿಂದ ಆಜ್ಞೆ ಬರಬೇಕು. ವಪೆಯ ನರ ಹೊರಡುವುದು ಕತ್ತಿನ ಮೂರು, ನಾಲ್ಕು ಮತ್ತು ಐದನೆಯ ಮಟ್ಟಗಳಿಂದ. ಪಕ್ಕೆಲುಬಿನ ಸ್ನಾಯುಗಳ ನರಗಳು ಅದಕ್ಕಿಂತ ಕೆಳಗೆ, ಎದೆಯ ಮಟ್ಟದಿಂದ. ಲಯ ಹುಟ್ಟುವುದು ಇನ್ನೂ ಮೇಲೆ, ಮಿದುಳಕಾಂಡದ ತಳದಲ್ಲಿರುವ ಮೆಡುಲ್ಲಾದಲ್ಲಿ. ಮಾತಾಡುವಾಗ, ಹಾಡುವಾಗ, ನೀರಿನಲ್ಲಿ ಮುಳುಗಿ ಉಸಿರು ಬಿಗಿಹಿಡಿದಾಗ ಮಹಾಮಸ್ತಿಷ್ಕದ ತೊಗಟೆಯಿಂದ ಬರುವ ಆಜ್ಞೆ ಆ ಲಯದ ಮೇಲೆ ಸವಾರಿ ಮಾಡುತ್ತದೆ. ಇಚ್ಛೆಯ ದಾರಿ ಬೇರೆ, ಲಯದ ದಾರಿ ಬೇರೆ. ಎರಡೂ ಸೇರುವುದು ಮತ್ತೆ ಅದೇ ಚಾಲಕ ಕೋಶದಲ್ಲಿ.

ಪ್ರಾಣಕ್ಕೆ ಕ್ಷಣಕ್ಷಣವೂ ಬೇಕಾದ ಕೆಲಸವೊಂದನ್ನು ಸ್ವಂತ ಲಯವಿಲ್ಲದ ಸ್ನಾಯುಗಳಿಗೆ ಒಪ್ಪಿಸಿರುವುದು ವಿಚಿತ್ರ ವ್ಯವಸ್ಥೆ ಎನಿಸಬಹುದು. ಮಾತು, ಕೆಮ್ಮು, ಸೀನು, ನುಂಗುವಾಗ ಉಸಿರು ತಡೆಯುವುದು ಇವೆಲ್ಲ ಇದರಿಂದಲೇ ಸಾಧ್ಯವಾಗಿವೆ. ಅದಕ್ಕೆ ತೆತ್ತ ಬೆಲೆಯೆಂದರೆ, ಕಾಲನ್ನು ಕುಂಟಾಗಿಸುವ ವೈರಸ್ಸು ಕತ್ತಿನ ಮಟ್ಟಕ್ಕೇರಿದರೆ ಉಸಿರನ್ನೂ ನಿಲ್ಲಿಸಬಲ್ಲದು.

ಜೊಲ್ಲಿನ ವಿಷಯದಲ್ಲೂ ಇದೇ ಬಗೆಯ ಒಡಕು. ನುಂಗುವ ಸ್ನಾಯುಗಳಿಗೆ ಆಜ್ಞೆ ಬರುವುದು ಹನ್ನೆರಡು ಜೊತೆ ಕಪಾಲ ನರಗಳ ಪೈಕಿ ಮುಖ್ಯವಾಗಿ ಒಂಬತ್ತು ಮತ್ತು ಹತ್ತನೆಯವುಗಳಿಂದ. ಅವುಗಳ ಚಾಲಕ ಕೋಶಗಳಿರುವ ಮೆಡುಲ್ಲಾ ಕೂಡ ವೈರಸ್ಸಿಗೆ ಮೆಚ್ಚಿನ ತಾಣ. ಆದರೆ ಜೊಲ್ಲು ಸ್ರವಿಸುವ ಗ್ರಂಥಿಗಳು ಸ್ವಾಯತ್ತ ನರವ್ಯೂಹಕ್ಕೆ ಸೇರಿದವು. ಇಚ್ಛೆಗೆ ಬಗ್ಗದ ಆ ವ್ಯೂಹದಲ್ಲಿ ಎರಡು ಪಾಲು. ಅಪಾಯದ ಹೊತ್ತಿನಲ್ಲಿ ಹೃದಯವನ್ನು ಓಡಿಸಿ, ರಕ್ತದೊತ್ತಡವನ್ನು ಏರಿಸಿ, ಬೆವರಿಳಿಸುವ ಸಿಂಪಥೆಟಿಕ್ ನರಗಳು ಒಂದೆಡೆ. ಹೃದಯವನ್ನು ನಿಧಾನಿಸಿ, ಜೀರ್ಣರಸ ಮತ್ತು ಜೊಲ್ಲನ್ನು ಹರಿಸಿ, ಶ್ವಾಸನಾಳಗಳನ್ನು ಕಿರಿದಾಗಿಸುವ ಪ್ಯಾರಾಸಿಂಪಥೆಟಿಕ್ ನರಗಳು ಇನ್ನೊಂದೆಡೆ. ಹುಡುಗಿಯಲ್ಲಿ ಈ ವ್ಯೂಹ ಕೆಲಸ ಮಾಡುತ್ತಿತ್ತು. ಜೊಲ್ಲು ಊರುತ್ತಿತ್ತು, ನುಂಗುವವರಿರಲಿಲ್ಲ. ಅವಳ ಶ್ವಾಸನಾಳ ತುಂಬಿಕೊಂಡದ್ದು ಸ್ರಾವ ಹೆಚ್ಚಾಗಿ ಎನ್ನುವುದಕ್ಕಿಂತ, ನರಮಂಡಲದ ಒಂದು ವಿಭಾಗ ನಿಂತುಹೋಗಿ ಇನ್ನೊಂದು ಎಂದಿನಂತೆ ನಡೆದದ್ದರಿಂದ. ಕಬ್ಬಿಣದ ಶ್ವಾಸಕೋಶ ಸೋತದ್ದೂ ಇಲ್ಲೇ: ಅದು ಎದೆಯನ್ನು ಹಿಗ್ಗಿಸುತ್ತಿತ್ತು, ಒಳನುಗ್ಗುವ ಗಾಳಿ ಗಂಟಲಿನ ಕಫವನ್ನೂ ಜೊತೆಗೆ ಎಳೆದೊಯ್ಯುತ್ತಿತ್ತು.

ತಪ್ಪಾಗಿ ಓದಿದ ಬೆವರು

ಇಂಥ ರೋಗಿಗಳು ಕೊನೆಯ ಹಂತದಲ್ಲಿ ವಿಪರೀತ ಬೆವರುತ್ತಿದ್ದರು. ರಕ್ತದೊತ್ತಡ ಏರುತ್ತಿತ್ತು, ಜ್ವರ ಜೋರಾಗುತ್ತಿತ್ತು, ಅರಿವು ಮಸುಕಾಗಿ ಪ್ರಜ್ಞೆ ತಪ್ಪುತ್ತಿತ್ತು, ಆಮೇಲೆ ಸಾವು. ವೈರಸ್ಸು ಮಿದುಳನ್ನೇ ಆಕ್ರಮಿಸಿದೆ, ಮೆಡುಲ್ಲಾದ ಜೀವಕೇಂದ್ರಗಳು ನಾಶವಾಗುತ್ತಿವೆ, ಇನ್ನು ಯಾರೇನು ಮಾಡಿದರೂ ಅಷ್ಟೇ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ರಕ್ತ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಹೆಚ್ಚಿತ್ತು. ಅದರಲ್ಲಿ ದೊಡ್ಡ ಪಾಲು ಕ್ಷಾರಗುಣದ ಬೈಕಾರ್ಬನೇಟ್ ರೂಪದಲ್ಲಿರುವುದರಿಂದ, ರಕ್ತ ಕ್ಷಾರೀಯವಾಗಿದೆ, ಕಾರಣ ತಿಳಿಯದ ಚಯಾಪಚಯ ದೋಷ ಎಂದು ಅರ್ಥ ಮಾಡಲಾಗಿತ್ತು.

ಮುಖ್ಯ ವೈದ್ಯ ಲಾಸೆನ್ ಅವರ ಸಹೋದ್ಯೋಗಿ ಮೊಗೆನ್ಸ್ ಬ್ಯೋರ್ನೆಬೊ ಅವರ ಸಲಹೆಯಂತೆ ಆಗಸ್ಟ್ 25ರ ಸಭೆಗೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಲಾಯಿತು. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಿಗೇನು ಕೆಲಸ ಎಂದು ಆಗ ಯಾರಾದರೂ ಕೇಳಿದ್ದರೆ ಅಚ್ಚರಿಯಿಲ್ಲ. ಆದರೆ ಇಬ್ಸೆನ್ ಅವರಿಗೆ ಈ ದೃಶ್ಯ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಗೊತ್ತಿತ್ತು. 1942ರಿಂದ ಶಸ್ತ್ರಚಿಕಿತ್ಸೆಗಳಲ್ಲಿ ಕ್ಯುರಾರೆ ಎಂಬ ಔಷಧ ಬಳಕೆಗೆ ಬಂದಿತ್ತು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷ ಅದು. ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಸ್ನಾಯುವನ್ನು ತಟ್ಟದಂತೆ ಅದು ಅಡ್ಡ ನಿಲ್ಲುತ್ತದೆ. ನರಕೋಶ ಸರಿ, ತಂತು ಸರಿ, ಸ್ನಾಯುವೂ ಸರಿ. ಸಂದೇಶ ಮಾತ್ರ ಕೊನೆಯ ಕೂದಲೆಳೆಯ ಅಂತರವನ್ನು ದಾಟದು. ರೋಗಿಯ ಉಸಿರು ನಿಲ್ಲುತ್ತದೆ, ಅರಿವಳಿಕೆ ತಜ್ಞ ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತುತ್ತಾ ಗಾಳಿ ಕೊಡುತ್ತಾನೆ. ಚೀಲ ಸರಿಯಾಗಿ ಒತ್ತದಿದ್ದರೆ ಏನಾಗುತ್ತದೆ? ಬೆವರು, ಏರುವ ರಕ್ತದೊತ್ತಡ.

ಅದೇ ವರ್ಷ ಬ್ಯೋರ್ನೆಬೊ ಮತ್ತು ಇಬ್ಸೆನ್ ಜೊತೆಗೂಡಿ ಧನುರ್ವಾಯು ತಗುಲಿದ ನವಜಾತ ಶಿಶುವೊಂದಕ್ಕೆ ಕ್ಯುರಾರೆ ಕೊಟ್ಟು, ಕೈಯಿಂದ ಉಸಿರು ನಡೆಸಿ ಚಿಕಿತ್ಸೆ ಮಾಡಿದ್ದರು. ಇಲ್ಲಿ ಸ್ವಲ್ಪ ನಿಲ್ಲುವುದು ಲೇಸು. ಧನುರ್ವಾಯು ಪೋಲಿಯೊಗೆ ತದ್ವಿರುದ್ಧವಾದ ಕಾಯಿಲೆ. ಬೆನ್ನುಹುರಿಯಲ್ಲಿ ಚಾಲಕ ಕೋಶಗಳನ್ನು ತಡೆಹಿಡಿಯುವ ಸಣ್ಣ ನರಕೋಶಗಳಿವೆ. ಮೊಣಕೈ ಮಡಚುವ ಸ್ನಾಯು ಬಿಗಿದಾಗ ಅದನ್ನು ಚಾಚುವ ಸ್ನಾಯು ಸಡಿಲಗೊಳ್ಳುವಂತೆ ನೋಡಿಕೊಳ್ಳುವುದು ಇವು. ಧನುರ್ವಾಯುವಿನ ನಂಜು ಇವುಗಳ ಬಾಯಿ ಕಟ್ಟುತ್ತದೆ. ತಡೆಯುವವರಿಲ್ಲದ ಚಾಲಕ ಕೋಶಗಳು ಎಡೆಬಿಡದೆ ಆಜ್ಞೆ ಕಳಿಸುತ್ತವೆ, ಮೈ ಬಿಲ್ಲಿನಂತೆ ಸೆಟೆಯುತ್ತದೆ, ಎದೆ ಬಿಗಿದು ಉಸಿರು ನಿಲ್ಲುತ್ತದೆ. ನರಮಂಡಲದ ಕೆಲಸವೆಂದರೆ ಪ್ರಚೋದನೆ ಎಂದು ಭಾವಿಸುವವರು ಧನುರ್ವಾಯುವನ್ನು ಒಮ್ಮೆ ನೆನೆಯಬೇಕು. ಅಲ್ಲಿ ಅರ್ಧ ಕೆಲಸ ತಡೆಯುವುದೇ. ಒಂದರಲ್ಲಿ ಆಜ್ಞೆಯಿಲ್ಲ, ಇನ್ನೊಂದರಲ್ಲಿ ಆಜ್ಞೆಗೆ ಲಗಾಮಿಲ್ಲ. ಎರಡಕ್ಕೂ ಇಬ್ಸೆನ್ ಅವರ ಉತ್ತರ ಒಂದೇ ಆಗಿತ್ತು: ಕೆಟ್ಟ ಕೊಂಡಿಯನ್ನು ಬಿಟ್ಟು, ಅದರಾಚೆಗೆ ಕೈಯಿಂದ ಗಾಳಿ ಕೊಡುವುದು.

ಸಭೆಯ ದಿನ, ಅದುವರೆಗೆ ಸತ್ತವರ ಶವಪರೀಕ್ಷೆಯ ವಿವರಗಳನ್ನು ನೋಡಿದ ಇಬ್ಸೆನ್, ಶ್ವಾಸಕೋಶಗಳು ಬದುಕಲಾರದಷ್ಟು ಕೆಟ್ಟಿರಲಿಲ್ಲ ಎಂದು ಗಮನಿಸಿದರು. ಹಾಗಾದರೆ ರಕ್ತದಲ್ಲಿ ಹೆಚ್ಚಿದ್ದ ಇಂಗಾಲದ ಡೈಆಕ್ಸೈಡ್, ಹೊರಹೋಗಲಾರದೆ ಒಳಗೇ ಶೇಖರವಾದದ್ದು. ರಕ್ತ ಕ್ಷಾರೀಯವಾಗಿರಲಿಲ್ಲ, ಆಮ್ಲೀಯವಾಗಿತ್ತು. ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆಯನ್ನು ನೇರವಾಗಿ ಅಳೆದಾಗ ಈ ಮಾತು ದೃಢಪಟ್ಟಿತು.

ಈಗ ಅದೇ ಬೆವರನ್ನು ಮತ್ತೆ ಓದೋಣ. ಇಂಗಾಲದ ಡೈಆಕ್ಸೈಡ್ ರಕ್ತದಿಂದ ಮಿದುಳಿನ ಸುತ್ತಲಿನ ದ್ರವಕ್ಕೆ ಸಲೀಸಾಗಿ ದಾಟುತ್ತದೆ, ಅಲ್ಲಿ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಮೆಡುಲ್ಲಾದಲ್ಲಿ ಇದನ್ನು ಗ್ರಹಿಸುವ ಕೋಶಗಳಿವೆ. ಕತ್ತಿನ ದೊಡ್ಡ ರಕ್ತನಾಳಗಳು ಕವಲೊಡೆಯುವಲ್ಲಿಯೂ ಪುಟ್ಟ ಗ್ರಾಹಕಗಳಿವೆ; ಆಮ್ಲಜನಕ ಕುಸಿದದ್ದನ್ನು ವರದಿ ಮಾಡುವುದು ಮುಖ್ಯವಾಗಿ ಅವೇ. ಆ ಗ್ರಾಹಕಗಳ ಕುರಿತ ಸಂಶೋಧನೆಗೆ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ 1938ರ ನೊಬೆಲ್ ಪಡೆದಿದ್ದರು. ಸುದ್ದಿ ಬಂದೊಡನೆ ಮೆಡುಲ್ಲಾ ಎರಡು ಕೆಲಸ ಮಾಡುತ್ತದೆ: ಉಸಿರಿನ ಆಜ್ಞೆಯನ್ನು ಜೋರು ಮಾಡುತ್ತದೆ, ಸಿಂಪಥೆಟಿಕ್ ನರಗಳನ್ನು ಬಡಿದೆಬ್ಬಿಸುತ್ತದೆ. ಹುಡುಗಿಯಲ್ಲಿ ಮೊದಲನೆಯ ಆಜ್ಞೆ ಸತ್ತ ಚಾಲಕ ಕೋಶಗಳ ಬಳಿ ಮುಗಿದುಹೋಗುತ್ತಿತ್ತು. ಎರಡನೆಯದು ತಲುಪಬೇಕಾದಲ್ಲಿಗೆ ತಲುಪಿ ಬೆವರಾಗಿಯೂ ಏರಿದ ರಕ್ತದೊತ್ತಡವಾಗಿಯೂ ಕಾಣಿಸಿಕೊಳ್ಳುತ್ತಿತ್ತು. ಅನಿಲ ಇನ್ನೂ ಏರಿದರೆ ಮಿದುಳಿಗೆ ಮಂಕು ಕವಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಮಿದುಳು ನಾಶವಾಗುತ್ತಿರುವ ಲಕ್ಷಣವೆಂದು ವೈದ್ಯರು ಕಂಡಿದ್ದು, ಬಹುಪಾಲು, ಮಿದುಳಕಾಂಡ ಕೆಲಸ ಮಾಡುತ್ತಿರುವ ಲಕ್ಷಣವಾಗಿತ್ತು. ಇಡೀ ಪ್ರಕರಣದ ತಿರುಳು ಇದೇ ಎಂದು ನನ್ನ ಅಭಿಪ್ರಾಯ.

ಹಾಸಿಗೆಯ ಬಳಿ

ಮಾತು ನಿಜವೇ ಎಂದು ತೋರಿಸಲು ಇಬ್ಸೆನ್ ಅವರಿಗೆ ಒಪ್ಪಿಸಿದ ರೋಗಿ ಈ ಹುಡುಗಿ. ಕತ್ತಿನಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳವನ್ನು ತೆರೆದು, ಸುತ್ತ ಗಾಳಿ ತುಂಬಿಸಬಹುದಾದ ಪಟ್ಟಿಯಿರುವ ಕೊಳವೆಯನ್ನು ಇಳಿಸಲಾಯಿತು. ಪಟ್ಟಿ ಉಬ್ಬಿದರೆ ಮೇಲಿನ ಜೊಲ್ಲು ಕೆಳಗಿಳಿಯದು, ಕೊಟ್ಟ ಗಾಳಿ ಮೇಲಕ್ಕೆ ಸೋರದು. ನಿಂತುಹೋಗಿದ್ದ ನುಂಗುವ ಪ್ರತಿಕ್ರಿಯೆಯ ಜಾಗಕ್ಕೆ ಒಂದು ರಬ್ಬರ್ ಪಟ್ಟಿ ಬಂತು.

ಆದರೆ ಕೆಲಸ ಸುಸೂತ್ರವಾಗಿ ನಡೆಯಲಿಲ್ಲ. ಹುಡುಗಿ ಚಡಪಡಿಸಿದಳು, ಪ್ರಜ್ಞೆ ತಪ್ಪಿದಳು. ಕಫವನ್ನು ಎಷ್ಟು ಹೀರಿ ತೆಗೆದರೂ ಗಾಳಿ ಒಳಗೆ ಹೋಗಲಿಲ್ಲ. ಶ್ವಾಸನಾಳದ ಕವಲುಗಳು ಬಿಗಿದುಕೊಂಡಿದ್ದವು. ಲಕ್ವ ಹೊಡೆದವಳಲ್ಲಿ ಬಿಗಿಯುವ ಸ್ನಾಯು ಎಲ್ಲಿಂದ ಬಂತು? ಶ್ವಾಸನಾಳದ ಗೋಡೆಯಲ್ಲಿರುವುದು ನಯ ಸ್ನಾಯು. ಅದು ಬೆನ್ನುಹುರಿಯ ಚಾಲಕ ಕೋಶಗಳ ಅಧೀನದಲ್ಲಿಲ್ಲ; ಅದನ್ನು ಬಿಗಿಸುವುದು ಹತ್ತನೆಯ ಕಪಾಲ ನರದ ಪ್ಯಾರಾಸಿಂಪಥೆಟಿಕ್ ಎಳೆಗಳು. ಕೈ ಎತ್ತಲಾಗದ ದೇಹ ತನ್ನ ಗಾಳಿದಾರಿಯನ್ನು ಮುಚ್ಚಿಕೊಳ್ಳಬಲ್ಲದಾಗಿತ್ತು. ಅಳಿದುಳಿದ ಉಸಿರಾಟದ ಸ್ನಾಯುಗಳೂ ಚೀಲದ ಗಾಳಿಗೆ ಎದುರಾಗಿ ಸೆಣಸುತ್ತಿದ್ದವು.

ಇಬ್ಸೆನ್ ಆಗ ಸುಮಾರು 100 ಮಿಲಿಗ್ರಾಂ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟರು. ಕ್ಯುರಾರೆ ಕೆಲಸ ಮಾಡುವುದು ಸ್ನಾಯುವಿನ ಅಂಚಿನಲ್ಲಿ. ಪೆಂಟೊಥಾಲ್ ಮಿದುಳಿನಲ್ಲಿ, ತಡೆಯುವ ಸಂದೇಶಗಳ ಬಲವನ್ನು ಹೆಚ್ಚಿಸಿ ನರಕೋಶಗಳನ್ನು ಸುಮ್ಮನಾಗಿಸುತ್ತದೆ. ಆಗಲೇ ಏದುಸಿರು ಬಿಡುತ್ತಿದ್ದವಳಿಗೆ ಉಸಿರನ್ನು ಕುಗ್ಗಿಸುವ ಮದ್ದು! ಹೊರಗಿನವರಿಗೆ ಇದು ಹುಚ್ಚುತನವಾಗಿಯೇ ಕಂಡಿರಬೇಕು. ಸೆಣಸಾಟ ನಿಂತಿತು, ಹುಡುಗಿ ಕುಸಿದಳು, ಚೀಲ ಒತ್ತಿದಾಗ ಎದೆ ಎದ್ದಿತು.

ಮುಂದಿನದು ಶುದ್ಧ ಪ್ರಯೋಗ. ಚೀಲದಿಂದ ಸರಿಯಾಗಿ ಗಾಳಿ ಕೊಟ್ಟಾಗ ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯಿತು, ಮೈಬಣ್ಣ ತಿಳಿಯಾಯಿತು, ಬೆವರು ಆರಿತು, ರಕ್ತದೊತ್ತಡ ತಗ್ಗಿತು. ಬಳಿಕ ಅವಳನ್ನು ಎದೆಕವಚದ ಯಂತ್ರಕ್ಕೆ ಬದಲಾಯಿಸಿದರು. ಅನಿಲ ಏರಿತು, ಹಿಂದೆಯೇ ಬೆವರೂ ರಕ್ತದೊತ್ತಡವೂ ಏರಿದವು. ಮತ್ತೆ ಚೀಲ, ಮತ್ತೆ ಎಲ್ಲವೂ ಇಳಿಯಿತು. ನಾಶವಾದ ಜೀವಕೇಂದ್ರ ಹೀಗೆ ಗಳಿಗೆಗೊಮ್ಮೆ ಚೇತರಿಸಿಕೊಳ್ಳಲಾರದು. ವಾದಕ್ಕೆ ಅಲ್ಲಿಗೆ ತೆರೆಬಿತ್ತು.

ಮೆಡುಲ್ಲಾದ ಜಾಗದಲ್ಲಿ ವಿದ್ಯಾರ್ಥಿಗಳು

ಚೀಲ ಒತ್ತಲು ಕೈಗಳು ಬೇಕು, ಹಗಲೂ ರಾತ್ರಿಯೂ, ವಾರಗಟ್ಟಲೆ. ಕೋಪನ್‌ಹೇಗನ್ನಿನ ವೈದ್ಯ ವಿದ್ಯಾರ್ಥಿಗಳನ್ನು ಪಾಳಿಯ ಮೇಲೆ ಕರೆಸಲಾಯಿತು. ಒಟ್ಟು ಸುಮಾರು 1,500 ವಿದ್ಯಾರ್ಥಿಗಳು ಈ ಕೆಲಸ ಮಾಡಿದರು. ಪಿಡುಗು ತಾರಕಕ್ಕೇರಿದ್ದಾಗ ಒಂದೇ ಹೊತ್ತಿಗೆ ಎಪ್ಪತ್ತು ರೋಗಿಗಳಿಗೆ ಹೀಗೆ ಕೈಯಿಂದ ಉಸಿರು ನಡೆಯುತ್ತಿತ್ತು.

ಒತ್ತುವುದು ಸುಲಭ, ಎಷ್ಟು ಒತ್ತಬೇಕೆಂದು ತಿಳಿಯುವುದು ಕಷ್ಟ. ಆರೋಗ್ಯವಂತ ಮೆಡುಲ್ಲಾ ಪ್ರತಿ ಉಸಿರಿನ ಆಳವನ್ನೂ ರಕ್ತದ ಸ್ಥಿತಿಗೆ ತಕ್ಕಂತೆ ತಿದ್ದಿಕೊಳ್ಳುತ್ತಲೇ ಇರುತ್ತದೆ. ಶ್ವಾಸಕೋಶ ಎಷ್ಟು ಹಿಗ್ಗಿತೆಂಬ ಸುದ್ದಿ ಹತ್ತನೆಯ ಕಪಾಲ ನರದ ಮೂಲಕ, ಅನಿಲಗಳ ಸುದ್ದಿ ಗ್ರಾಹಕಗಳ ಮೂಲಕ ಅದಕ್ಕೆ ಬಂದು ಸೇರುತ್ತದೆ. ವಿದ್ಯಾರ್ಥಿಗೆ ಆ ತಂತುಗಳಿಲ್ಲ. ಅವನು ತುಟಿಯ ಬಣ್ಣ, ನಾಡಿ, ಚರ್ಮದ ಬೆವರು, ರಕ್ತದೊತ್ತಡ ಇವುಗಳಿಂದ ಊಹಿಸಬೇಕು; ಆಸ್ಟ್ರುಪ್ ಅವರ ಪ್ರಯೋಗಾಲಯದ ಅಂಕಿಗಳು ಆ ಊಹೆಯನ್ನು ತಿದ್ದುತ್ತಿದ್ದವು. ಚಾಲಕ ಕೋಶದ ಕೆಲಸವನ್ನು ಒಬ್ಬನ ಕೈ ಮಾಡಿತು. ಸುದ್ದಿ ತರುವ ನರಗಳು, ಲಯ ಕೇಂದ್ರ, ತಿದ್ದುಪಡಿ ಇವುಗಳ ಕೆಲಸಕ್ಕೆ ಒಂದು ಇಡೀ ತಂಡ ಮತ್ತು ಪ್ರಯೋಗಾಲಯ ಬೇಕಾಯಿತು. ಮೆಡುಲ್ಲಾದ ಉದ್ದ ಮೂರು ಸೆಂಟಿಮೀಟರಿನ ಆಸುಪಾಸು.

ಉಸಿರಾಟ ಕೆಟ್ಟ ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ 87ರಿಂದ ಕೆಲವೇ ತಿಂಗಳಲ್ಲಿ ಶೇ 40ರ ಆಸುಪಾಸಿಗೆ ಇಳಿಯಿತು. ಲಾಸೆನ್ ಅವರ ವರದಿ 1953ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಬ್ಸೆನ್ ಕೋಪನ್‌ಹೇಗನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ ಆರಂಭಿಸಿದ ವಾರ್ಡನ್ನು ಜಗತ್ತಿನ ಮೊದಲ ತೀವ್ರ ನಿಗಾ ಘಟಕಗಳಲ್ಲಿ ಒಂದೆಂದು ಎಣಿಸುತ್ತಾರೆ. ಪೋಲಿಯೊ ತಡೆಯುವ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ.

ಚೇತರಿಕೆಯ ಮಿತಿ

ಬದುಕುಳಿದವರೆಲ್ಲರ ಸ್ಥಿತಿ ಒಂದೇ ಆಗಿರಲಿಲ್ಲ. ಊದಿಕೊಂಡು ಸ್ತಬ್ಧವಾಗಿದ್ದ ಚಾಲಕ ಕೋಶಗಳು ವಾರಗಳಲ್ಲಿ ಎಚ್ಚೆತ್ತುಕೊಳ್ಳುತ್ತವೆ. ಸತ್ತವು ಮರಳಿ ಹುಟ್ಟುವುದಿಲ್ಲ. ಆದರೆ ಪಕ್ಕದಲ್ಲಿ ಉಳಿದ ಕೋಶಗಳ ತಂತುಗಳು ಸ್ನಾಯುವಿನೊಳಗೆ ಹೊಸ ಕವಲುಗಳನ್ನು ಚಾಚಿ, ಅನಾಥವಾದ ಎಳೆಗಳನ್ನು ತಮ್ಮ ಸುಪರ್ದಿಗೆ ತೆಗೆದುಕೊಳ್ಳುತ್ತವೆ. ನೂರು ಎಳೆಗಳನ್ನು ನೋಡಿಕೊಳ್ಳುತ್ತಿದ್ದ ಕೋಶ ಅದರ ಹಲವು ಪಟ್ಟು ಹೊರೆ ಹೊರುತ್ತದೆ. ಹೀಗೆ ಎಷ್ಟೋ ಜನ ಎದ್ದು ನಡೆದರು, ಯಂತ್ರದ ನೆರವಿಲ್ಲದೆ ಉಸಿರಾಡಿದರು. ಹಲವು ದಶಕಗಳ ನಂತರ ಅವರಲ್ಲಿ ಕೆಲವರಿಗೆ ಹಳೆಯ ಜಾಗಗಳಲ್ಲೇ ಹೊಸದಾಗಿ ನಿಶ್ಶಕ್ತಿ ಕಾಣಿಸಿಕೊಂಡಿತು. ಹೆಚ್ಚುವರಿ ಹೊರೆ ಹೊತ್ತ ಕೋಶಗಳು ಕ್ರಮೇಣ ಆ ಕವಲುಗಳನ್ನು ಉಳಿಸಿಕೊಳ್ಳಲಾರದೆ ಹೋಗುವುದು ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ.

ಕವಲೊಡೆಯಲು ಹತ್ತಿರದಲ್ಲಿ ಒಂದಿಷ್ಟು ಕೋಶಗಳಾದರೂ ಉಳಿದಿರಬೇಕು. ಹನ್ನೆರಡರ ಆ ಹುಡುಗಿಯಲ್ಲಿ ಕೈಕಾಲಿನ ಮಟ್ಟಗಳಲ್ಲೂ ವಪೆಯ ಮಟ್ಟದಲ್ಲೂ ಸಾಕಷ್ಟು ಉಳಿದಿರಲಿಲ್ಲ. ಅವಳು ಬದುಕಿದಳು, ಬೆಳೆದು ದೊಡ್ಡವಳಾದಳು. ಕೈಕಾಲುಗಳ ಶಕ್ತಿ ಮರಳಲಿಲ್ಲ, ಉಸಿರಾಟಕ್ಕೆ ಯಂತ್ರದ ಆಸರೆ ತಪ್ಪಲಿಲ್ಲ.